ಬೆಳಕಿಗೆ ಬೆನ್ನು ತಿರುಗಿಸುವ ಗಾಡಿ

20 ಜುಲೈ 2024, ಶನಿವಾರ, ಬೆಂಗಳೂರು

ಬೆಳಗಿನಿಂದ ಮೋಡ ಕವಿದಿತ್ತು. ಟಾರ್ಚಿನ ಬೆಳಕಿಗೆ ಪ್ರತಿಕ್ರಿಯಿಸುವ ರೋಬೋ ಓಡಿಸಲು ಇದಕ್ಕಿಂತ ಒಳ್ಳೆಯ ದಿನವಿಲ್ಲ. ಬಿಸಿಲು ಒಳಗೆ ಬಿದ್ದರೆ ಅದಕ್ಕೆ ಟಾರ್ಚ್ ಯಾವುದು, ಕಿಟಕಿ ಯಾವುದು ಎಂದು ತಿಳಿಯುವುದಿಲ್ಲ. ಅಕ್ಕನ ಮಗಳೂ ಬಂದಿದ್ದಳು. ಟಾರ್ಚ್ ಹಿಡಿಯುವ ಕೆಲಸ ಅವಳದು.

ಗಾಡಿ ತೀರ ಸರಳ. ಅಕ್ರಿಲಿಕ್ ಹಲಗೆ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಹಳದಿ ಬಿ.ಒ. (ಬ್ಯಾಟರಿಯಿಂದ ಓಡುವ ಗೇರ್) ಮೋಟಾರ್ ಎರಡು, ಒಂದು ಕ್ಯಾಸ್ಟರ್ ಚಕ್ರ, ಮೋಟಾರುಗಳಿಗೆ ವಿದ್ಯುತ್ ಹರಿಸುವ ಎಲ್298ಎನ್ ಡ್ರೈವರ್, ಪ್ರೋಗ್ರಾಮ್ ನಡೆಸುವ ಪುಟ್ಟ ಬೋರ್ಡ್ ಆರ್ಡುಯಿನೋ ಯುನೋ. ಮುಂಭಾಗದ ಎರಡು ಮೂಲೆಗಳಲ್ಲಿ ಒಂದೊಂದು ಎಲ್‌ಡಿಆರ್, ಅಂದರೆ ಬೆಳಕು ಅಳೆಯುವ ಕಣ್ಣು. ಅದರ ಮೇಲೆ ಬೆಳಕು ಹೆಚ್ಚಿದಷ್ಟೂ ವಿದ್ಯುತ್ ರೋಧ ಕಡಿಮೆಯಾಗುತ್ತದೆ. ಜೊತೆಗೊಂದು 10 ಕಿಲೋ ಓಮ್ ರೆಸಿಸ್ಟರ್ ಸೇರಿಸಿದರೆ ಬೆಳಕು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಪ್ರೋಗ್ರಾಮಿಗೆ ಸಿಗುತ್ತದೆ. ಮೋಟಾರಿಗೆ ಕೊಡುವ ವೇಗ 0ಯಿಂದ 255. ನಾಲ್ಕರಿಂದ ಭಾಗಿಸಿದರೆ ಸಾಕು, ಬೆಳಕೇ ವೇಗವಾಗುತ್ತದೆ.

ಮೊದಲು ಎಡಗಣ್ಣಿನ ಸಂಖ್ಯೆಯನ್ನು ಎಡ ಮೋಟಾರಿಗೆ, ಬಲಗಣ್ಣಿನದನ್ನು ಬಲ ಮೋಟಾರಿಗೆ ಕೊಟ್ಟೆ. ಟಾರ್ಚ್ ಎಡಕ್ಕಿದ್ದರೆ ಎಡ ಚಕ್ರ ಜೋರಾಗಿ ತಿರುಗುತ್ತದೆ, ಗಾಡಿ ಬಲಕ್ಕೆ ಹೊರಳುತ್ತದೆ. ಬೆಳಕಿನಿಂದ ದೂರವಾದಂತೆ ಎರಡೂ ಚಕ್ರಗಳು ನಿಧಾನವಾಗಿ, ಕೊನೆಗೆ ಸೋಫಾದ ಕೆಳಗಿನ ಕತ್ತಲಲ್ಲಿ ನಿಂತುಬಿಟ್ಟಿತು. “ಮಾವ, ಇದಕ್ಕೆ ನನ್ನನ್ನು ಕಂಡರೆ ಭಯ!” ಎಂದಳು ಹುಡುಗಿ.

ಪ್ರೋಗ್ರಾಮಿನಲ್ಲಿ ಎರಡು ಹೆಸರುಗಳನ್ನು ಅದಲುಬದಲು ಮಾಡಿದೆ: ಎಡಗಣ್ಣು ಬಲ ಮೋಟಾರಿಗೆ, ಬಲಗಣ್ಣು ಎಡ ಮೋಟಾರಿಗೆ. ಬೇರೆ ಯಾವ ಸಾಲನ್ನೂ ಮುಟ್ಟಲಿಲ್ಲ. ಈಗ ಅದೇ ಗಾಡಿ ಟಾರ್ಚಿನತ್ತ ತಿರುಗಿ, ಹತ್ತಿರ ಬಂದಷ್ಟೂ ವೇಗ ಹೆಚ್ಚಿಸಿಕೊಂಡು, ಕೆರಳಿದ ಹೋರಿಯಂತೆ ನುಗ್ಗಿತು. ಅವಳು ಕಿರುಚಿ ಮಂಚ ಹತ್ತಿದಳು.

ಈ ಗಾಡಿಗಳು ವ್ಯಾಲೆಂಟಿನೋ ಬ್ರೈಟೆನ್‌ಬರ್ಗ್ ಎಂಬ ನರವಿಜ್ಞಾನಿಯ ಕಲ್ಪನೆ. 1984ರಲ್ಲಿ ಅವರು ಮೊದಲನೆಯದನ್ನು ಭಯ ಎಂದೂ ಎರಡನೆಯದನ್ನು ಆಕ್ರಮಣ ಎಂದೂ ಕರೆದರು. ಅವರಿಗೂ ಮೊದಲು, 1940ರ ದಶಕದ ಕೊನೆಯಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ನರವಿಜ್ಞಾನಿ ‘ಎಲ್ಮರ್’, ‘ಎಲ್ಸಿ’ ಎಂಬ ಎರಡು ಯಂತ್ರದ ಆಮೆಗಳನ್ನು ಕಟ್ಟಿದ್ದರು. ಅವುಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಹಳೆಯ ರೇಡಿಯೋಗಳಲ್ಲಿದ್ದಂಥ ಎರಡು ನಿರ್ವಾತ ಕವಾಟಗಳು (ವಾಲ್ವ್), ಬೆಳಕಿಗೊಂದು ಕಣ್ಣು, ತಾಗಿದ್ದು ತಿಳಿಯಲು ಒಂದು ಸ್ವಿಚ್, ಇಷ್ಟೇ. ಬ್ಯಾಟರಿ ಇಳಿದಾಗ ದೀಪವಿದ್ದ ಗೂಡಿಗೆ ಹೋಗಿ ಚಾರ್ಜ್ ಆಗುವಂತೆ ಅವನ್ನು ರೂಪಿಸಿದ್ದರು. ನನ್ನ ಯುನೋದಲ್ಲಿರುವುದು ಎರಡು ಕಿಲೋಬೈಟ್ ರ‍್ಯಾಮ್. ಆ ಆಮೆಗಳ ಮುಂದೆ ಅದು ಸಿರಿವಂತಿಕೆಯೇ ಸರಿ.

ರೋಬೋ ಕಟ್ಟುವ ಆಸೆಯಿರುವ ಮಕ್ಕಳಿಗೆ ನಾನು ಮೊದಲು ಇದನ್ನೇ ಕೊಡುತ್ತೇನೆ. ಕಿಟ್ ತಂದು, ಅಡೆತಡೆ ತಪ್ಪಿಸುವ ಸಿದ್ಧ ಪ್ರೋಗ್ರಾಮ್ ತುಂಬಿಸಿದರೆ ಗಾಡಿ ಓಡುತ್ತದೆ, ನಿಜ. ಆದರೆ ಏಕೆ ಓಡಿತು ಎಂಬ ಕುತೂಹಲಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ಅಂಥ ಎಷ್ಟೋ ಪ್ರೋಗ್ರಾಮುಗಳಲ್ಲಿ ತುಂಬಿರುವ ‘ಡಿಲೇ’ ಆಜ್ಞೆಯೂ ನನಗೆ ಇಷ್ಟವಿಲ್ಲ. ಡಿಲೇ 500 ಎಂದು ಬರೆದರೆ ಅರ್ಧ ಸೆಕೆಂಡು ಪ್ರೋಗ್ರಾಮ್ ಸೆನ್ಸರಿನತ್ತ ನೋಡುವುದೇ ಇಲ್ಲ. ಅಷ್ಟರಲ್ಲಿ ಗಾಡಿ ಗೋಡೆ ಮುಟ್ಟಿರುತ್ತದೆ. ಇವತ್ತಿನ ಗಾಡಿಯಲ್ಲಿ ಡಿಲೇ ಒಂದೂ ಇಲ್ಲ. ಅದು ಸದಾ ನೋಡುತ್ತದೆ, ಸದಾ ತಿರುಗುತ್ತದೆ. ಜೀವವಿರುವಂತೆ ಕಾಣುವುದು ಅದರಿಂದಲೇ.

ಊಟದ ನಂತರ ಮೂರನೆಯ ಸ್ವಭಾವ. ಎಡಗಣ್ಣನ್ನು ಮತ್ತೆ ಎಡಕ್ಕೆ, ಬಲಗಣ್ಣನ್ನು ಬಲಕ್ಕೆ ಸೇರಿಸಿ, ನಾಲ್ಕರಿಂದ ಭಾಗಿಸಿದ ಬೆಳಕಿನ ಸಂಖ್ಯೆಯನ್ನು 255ರಿಂದ ಕಳೆದೆ. ಈಗ ಕತ್ತಲಲ್ಲಿ ಓಟ, ಬೆಳಕಿನಲ್ಲಿ ನಿಧಾನ. ಗಾಡಿ ಟಾರ್ಚಿನ ಕಡೆ ತಿರುಗಿ, ತಡವರಿಸುತ್ತ ಬಂದು, ಅದರ ಎದುರು ನಿಂತಿತು. ಬ್ರೈಟೆನ್‌ಬರ್ಗ್ ಇದನ್ನು ಪ್ರೀತಿ ಎಂದರು. ಇನ್ನೂ ಸ್ವಲ್ಪ ಹತ್ತಿರ ಬರಬೇಕಿತ್ತು. ಆದರೆ ಎಲ್298ಎನ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ, ಗೇರಿನ ಘರ್ಷಣೆ ಬೇರೆ. ಕಡಿಮೆ ವೇಗದ ಆಜ್ಞೆಗೆ ಬಿ.ಒ. ಮೋಟಾರ್ ಗುಂಯ್‌ಗುಡುತ್ತದೆಯೇ ಹೊರತು ಅಲುಗುವುದಿಲ್ಲ. ಅದು ಅಲುಗಲು ತೊಡಗುವ ಸಂಖ್ಯೆಯನ್ನು ಹುಡುಕಿ, ಅಲ್ಲಿಂದ 255ರವರೆಗೆ ವೇಗವನ್ನು ಹೊಸದಾಗಿ ಹಂಚಬೇಕು.

“ಎರಡು ಟಾರ್ಚ್ ಹಿಡಿದರೆ ಯಾವುದರ ಹತ್ತಿರ ಹೋಗುತ್ತದೆ, ಮಾವ?” ಎಂದು ಹೊರಡುವಾಗ ಕೇಳಿದಳು. ನಾಳೆ ತನ್ನ ಮನೆಯ ಟಾರ್ಚನ್ನೂ ತರುತ್ತಾಳಂತೆ.