ಓಡುವ ಇಂಜಿನ್ನಿನಲ್ಲಿ ಇಂಜೆಕ್ಟರ್ ಪೈಪ್ ಬಿಚ್ಚಬೇಡಿ

ಡೀಸೆಲ್ ಇಂಜಿನ್ನಿನ ಪಂಪ್, ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ಇವುಗಳ ರಿಪೇರಿ ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗರ ಕೈಗೆ ಸ್ಪ್ಯಾನರ್ ಕೊಡುವ ಮೊದಲೇ ಹೇಳುವ ಮಾತು ಇದು.

ಹಳೆಯ ಲಾರಿ, ಟ್ರ್ಯಾಕ್ಟರುಗಳಲ್ಲಿ ಇಂಜಿನ್ ಮಿಸ್ಸಿಂಗ್ ಆದರೆ, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ, ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ಟು ಸಡಿಲ ಮಾಡಿ ನೋಡುತ್ತಿದ್ದೆವು. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಸತ್ತಿದೆ ಅಂತ ಲೆಕ್ಕ. ಅಲ್ಲಿ ನಾಜಲ್ (ಇಂಜೆಕ್ಟರಿನ ತುದಿ) ತೆರೆಯುವುದು ಸುಮಾರು 200 ಬಾರ್ ಒತ್ತಡಕ್ಕೆ. ಅದೂ ಅಪಾಯವೇ. ಆದರೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ದಪ್ಪ ಪೈಪಿನಿಂದ (ರೈಲ್) ಡೀಸೆಲ್ ಕೊಡುವ ಕಾಮನ್ ರೈಲ್ 1997ರಲ್ಲಿ ಕಾರುಗಳಿಗೆ ಬಂದಾಗಲೇ ಒತ್ತಡ 1,350 ಬಾರ್ ಇತ್ತು, ಈಗ 2,000 ದಾಟಿದೆ. ಕಾರಿನ ಟೈರಿನ ಗಾಳಿ ಬರೀ ಎರಡು ಬಾರ್ ಚಿಲ್ಲರೆ. ಸಣ್ಣ ತೂತುಗಳಿಂದ ಡೀಸೆಲ್ ಮಂಜಾಗಿ ಹೊರಬಂದರೆ ಮಾತ್ರ ಚೆನ್ನಾಗಿ ಉರಿಯುತ್ತದೆ, ಅದಕ್ಕೇ ಅಷ್ಟು ಒತ್ತಡ.

ಆ ಧಾರೆಗೆ ಕೈ ಅಡ್ಡ ಬಂದರೆ ಗ್ಲೌಸನ್ನೂ ತೂರಿಕೊಂಡು ಚರ್ಮದೊಳಗೆ ಹೋಗುತ್ತದೆ. ಹೊರಗೆ ಕಾಣುವುದು ಒಂದು ಚುಕ್ಕೆ ಅಷ್ಟೇ, ಮೊದಮೊದಲು ನೋವೂ ಜಾಸ್ತಿ ಇರುವುದಿಲ್ಲ. ಅಲ್ಲೇ ಜನ ಮೋಸ ಹೋಗುವುದು. ಒಳಗೆ ಡೀಸೆಲ್ ಬೆರಳುದ್ದಕ್ಕೂ ಹರಡಿ ಮಾಂಸ ಸಾಯುತ್ತಾ ಹೋಗುತ್ತದೆ, ತಡ ಮಾಡಿದಷ್ಟೂ ಬೆರಳು ಕತ್ತರಿಸುವ ಸಾಧ್ಯತೆ ಹೆಚ್ಚು. ಸುಮ್ನೆ ಅರಿಶಿನ ಹಚ್ಚಿಕೊಂಡು, ಟಿಟಿ ಇಂಜೆಕ್ಷನ್ ಚುಚ್ಚಿಸಿಕೊಂಡು ಮನೆಗೆ ಹೋಗಬೇಡಿ. ಕೂಡಲೇ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ, ‘ಹೈ ಪ್ರೆಶರ್ ಡೀಸೆಲ್ ಕೈಯೊಳಗೆ ಹೋಗಿದೆ’ ಅಂತಲೇ ಹೇಳಿ. ಬರೀ ಗಾಯ ಅಂದರೆ ಡ್ರೆಸ್ಸಿಂಗ್ ಮಾಡಿ ಕಳಿಸಿಬಿಡಬಹುದು.

ದ್ರವ ಚರ್ಮ ತೂರುವುದೇ ಅನ್ನುವವರಿಗೆ 2021ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕ ಝೈಕೋವ್-ಡಿ ಕೋವಿಡ್ ಲಸಿಕೆಯ ಉದಾಹರಣೆ ಕೊಡುತ್ತೇನೆ. ಅದಕ್ಕೆ ಸೂಜಿಯೇ ಇರಲಿಲ್ಲ. ಸ್ಪ್ರಿಂಗ್ ಬಲದ ಇಂಜೆಕ್ಟರ್ ಔಷಧಿಯನ್ನು ತೆಳ್ಳಗಿನ ಧಾರೆಯಾಗಿ ಚರ್ಮದೊಳಕ್ಕೆ ತಳ್ಳುತ್ತಿತ್ತು. ಅಲ್ಲಿ ಔಷಧಿಯೂ ಅಳತೆಯದು, ಒತ್ತಡವೂ ಅಳತೆಯದು. ಇಂಜಿನ್ನಿನ ಹತ್ತಿರ ಎರಡೂ ನಮ್ಮ ಕೈಯಲ್ಲಿ ಇರುವುದಿಲ್ಲ, ಅಲ್ವಾ?

ಮಿಸ್ಸಿಂಗ್ ಹುಡುಕಲು ಈಗ ಗಾಡಿಯ ಕಂಪ್ಯೂಟರಿಗೆ ಜೋಡಿಸಿ ನೋಡುವ ಸ್ಕ್ಯಾನರ್ ಇದೆ. ಉಳಿದ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಲೈನಿಗೆ ಬಾಟಲಿ ಕಟ್ಟಿ ಯಾವ ಇಂಜೆಕ್ಟರಿನಿಂದ ಡೀಸೆಲ್ ಜಾಸ್ತಿ ವಾಪಸ್ ಬರುತ್ತದೆ ಅಂತ ನೋಡಬಹುದು. ಲೀಕ್ ಅನುಮಾನ ಬಂದರೆ ದೂರದಿಂದ ರಟ್ಟು ಹಿಡಿದು ನೋಡಿ, ಬೆರಳಿನಿಂದ ಸವರಬೇಡಿ. ಪೈಪ್ ಬಿಚ್ಚಲೇಬೇಕಾದರೆ ಇಂಜಿನ್ ಆಫ್ ಮಾಡಿ, ರೈಲ್ ಪ್ರೆಶರ್ ಪೂರ್ತಿ ಇಳಿದಿದೆಯೇ ಅಂತ ಸ್ಕ್ಯಾನರಿನಲ್ಲಿ ನೋಡಿಕೊಂಡೇ ಕೈ ಹಾಕಿ. ಸ್ಕ್ಯಾನರ್ ಇಲ್ಲದ ಗ್ಯಾರೇಜಿನವರು ಗಾಡಿಯನ್ನು ಇರುವ ಕಡೆ ಕಳಿಸಿ, ಗಿರಾಕಿ ಎಷ್ಟೇ ಅವಸರ ಮಾಡಿದರೂ.