ಬೆಳಿಗ್ಗೆ ಎತ್ತುತ್ತದೆ, ಮಧ್ಯಾಹ್ನ ಕೂರುತ್ತದೆ: ಕಾಕಾನ 1035ರ ಲಿಫ್ಟ್

ಕಾಕಾನ ಮ್ಯಾಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರಿನ ಲಿಫ್ಟ್, ಅಂದ್ರೆ ಹಿಂದೆ ನೇಗಿಲು ಎತ್ತಿ ಹಿಡಿಯುವ ಹೈಡ್ರಾಲಿಕ್ ತೋಳು, ಬಿಸಿಯಾದರೆ ಕೂರುತ್ತಿತ್ತು. ಕೊನೆಗೂ ಕಳ್ಳ ಸಿಕ್ಕ. 20 ರೂಪಾಯಿಯ ರಬ್ಬರ್ ರಿಂಗ್! ಅದಕ್ಕಾಗಿ 18 ದಿನ ಹೋಯ್ತು, ಒಂದು ಬಕೆಟ್ ಒಳ್ಳೆ ಆಯಿಲ್ ಮಣ್ಣುಪಾಲಾಯ್ತು.

ಟ್ರ್ಯಾಕ್ಟರ್ ರಿಪೇರಿಯಲ್ಲಿ ಎಂಜಿನ್, ಕ್ಲಚ್, ಬಣ್ಣದ ಬಗ್ಗೆ ಬರೆಯುವುದೇನೂ ಇಲ್ಲ, ಎಲ್ಲ ಮುಗಿದಿದೆ. ಉಳಿದಿದ್ದು ಲಿಫ್ಟ್ ಒಂದೇ. ನಮ್ಮದು ಸೇಡಂ ಕಡೆಯ ಎರೆ ಹೊಲ. ಬೆಳಿಗ್ಗೆ 6ಕ್ಕೆ ಪಲ್ಟಿ ನೇಗಿಲನ್ನು ಹೂವಿನಂತೆ ಎತ್ತುತ್ತಿತ್ತು. 10 ಗಂಟೆ ದಾಟಿದರೆ ಸಾಕು, ಬದುವಿನ ಹತ್ತಿರ ತಿರುಗಿಸುವಾಗ ನೇಗಿಲು ಕೋಲೆ ಬಸವನ ಹಾಗೆ ತಲೆ ಆಡಿಸಲು ಶುರು. ಎಂಜಿನ್ ಆಫ್ ಮಾಡಿದರೆ ಧೊಪ್ಪಂತ ನೆಲಕ್ಕೆ. ಮೇ ತಿಂಗಳ ಕಲಬುರಗಿ ಬಿಸಿಲು ನಿಮಗೆ ಗೊತ್ತಲ್ಲ. ಆಯಿಲ್ ಮಜ್ಜಿಗೆ ನೀರಾಗುತ್ತದೆ.

ಈ ಮ್ಯಾಸಿಯಲ್ಲಿ ಲಿಫ್ಟಿಗೆ ಆಯಿಲ್ ತಳ್ಳುವ ಹೈಡ್ರಾಲಿಕ್ ಪಂಪ್ ಹಿಂಬದಿಯ ಹೌಸಿಂಗ್ ಒಳಗೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಪಿಟಿಒ (ಎಂಜಿನ್ ಶಕ್ತಿಯನ್ನು ಹಿಂದಕ್ಕೆ ಕೊಡುವ ಶಾಫ್ಟ್) ಹಾಕಿದರೆ ಮಾತ್ರ ತಿರುಗುತ್ತದೆ. ಹಾಗಾಗಿ ದಾರಿಯಲ್ಲಿ ಹೋಗುವ ಪ್ರತಿಯೊಬ್ಬರದೂ ಒಂದೇ ಪ್ರಶ್ನೆ: "ಪಿಟಿಒ ಹಾಕೀರೇನ್ರೀ?" ಹಾಕೀನಪ್ಪ, ಹಾಕೀನಿ.

ಮೊದಲು ಆಯಿಲ್ ಬದಲಿಸಿದೆ. ಆಯಿಲ್ ಸೋಸುವ ಜಾಳಿಗೆ ತೊಳೆದೆ. ಆಮೇಲೆ ಬೇವಿನ ಟೊಂಗೆಗೆ ಚೈನ್ ಪುಲ್ಲಿ ಕಟ್ಟಿ ಮೇಲಿನ ಕವರ್ ಪೂರ್ತಿ ಎತ್ತಿ, ಲಿಫ್ಟ್ ಪಿಸ್ಟನ್ ರಿಂಗ್ ಹೊಸದು ಹಾಕಿದೆ. ಅದೇ ಕೈಯಲ್ಲಿ ಪಂಪಿನಿಂದ ಮೇಲಕ್ಕೆ ಬರುವ ನಿಲುವು ಪೈಪಿನ ರಬ್ಬರ್ ಓ-ರಿಂಗ್‌ಗಳನ್ನೂ ಬದಲಿಸಿದೆ. ಅಂಗಡಿಯವನು "ಒರಿಜಿನಲ್ ಅದ ರೀ, ಕಣ್ಮುಚ್ಚಿ ಹಾಕ್ರಿ" ಅಂದಿದ್ದ. ಕಣ್ಮುಚ್ಚಿ ಹಾಕಿದ್ದೇ ತಪ್ಪಾಯ್ತು. ಎಲ್ಲ ಕೂರಿಸಿದ ಮೇಲೂ ಮಧ್ಯಾಹ್ನ ಅದೇ ಧೊಪ್ಪು. ಆ ರಾತ್ರಿ ಊಟಕ್ಕೆ ಕೂತಾಗ ನಾನು ಯಾರ ಜೊತೆಗೂ ಮಾತಾಡಲಿಲ್ಲ.

ಮರುದಿನ ಕಾಕಾ ಕಟ್ಟೆಯ ಮೇಲಿಂದಲೇ ಹೇಳಿದರು: "ತಮ್ಮಾ, ಬಾಜೂಕಿನ ಮುಚ್ಚಳ ತಗದು ನೋಡು. ಎಣ್ಣಿ ಎಲ್ಲಿ ಹಾರ್ಲತ್ತದ, ಕಾಣ್ತದ."

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇರುವ ಬದಿಯ ಮುಚ್ಚಳ. ಆಯಿಲ್ ಅದರ ಕೆಳಗಿನ ಅಂಚಿಗೆ ಇಳಿಯುವಷ್ಟು ಮಾತ್ರ ತೆಗೆದು, ಮುಚ್ಚಳ ಬಿಚ್ಚಿ, ನೇಗಿಲು ಎತ್ತಿಸಿ ಟಾರ್ಚ್ ಬಿಟ್ಟೆ. (ನೇಗಿಲ ಕೆಳಗೆ ಕಾಲಿಡಬೇಡಿ. ಪಿಟಿಒ ತಿರುಗುತ್ತಿರುತ್ತದೆ, ಧೋತರ, ಟವೆಲ್ ಹತ್ತಿರ ತರಬೇಡಿ.) ಮೊದಲು ಏನೂ ಇಲ್ಲ. ಅರ್ಧ ಗಂಟೆ ಓಡಿಸಿದ ಮೇಲೆ ಪೈಪಿನ ಬುಡದಲ್ಲಿ ದಾರದಷ್ಟು ಸಣ್ಣ ಆಯಿಲ್ ಎಳೆ ಕಾಣಿಸಿತು. ಬಿಸಿ ಏರಿದಂತೆ ಅದೇ ಎಳೆ ಬೀಸಣಿಗೆಯ ಹಾಗೆ ಅರಳಿ ಆಚೆ ಗೋಡೆಗೆ ಬಡಿಯಿತು. ನಾನು ಹೊಸದಾಗಿ ಹಾಕಿದ್ದ ಜಾಗ!

ವರ್ನಿಯರ್ ಹಿಡಿದು ನೋಡಿದರೆ ಹೊಸ ರಿಂಗ್ ಹಳೇದಕ್ಕಿಂತ ಕೂದಲೆಳೆ ತೆಳ್ಳಗೆ. ಇನ್ನೂ ನಗು ಬರುವ ಸಂಗತಿ ಅಂದ್ರೆ, ಆ ಪೈಪ್ ತೆಗೆಯಲು ಕವರ್ ಎತ್ತಬೇಕಾಗೇ ಇಲ್ಲ. ಸೀಟು ಬಿಚ್ಚಿ, ಮೇಲಿನ ಸಣ್ಣ ಕ್ಯಾಪ್ ತೆಗೆದರೆ ಮೇಲಕ್ಕೇ ಬರುತ್ತದೆ. ಈ ಸಲ ಪೈಪನ್ನೇ ಚೀಲದಲ್ಲಿ ಹಾಕಿಕೊಂಡು ಬೇರೆ ಅಂಗಡಿಗೆ ಹೋದೆ. ಕೌಂಟರ್ ಮೇಲೇ ರಿಂಗ್ ಏರಿಸಿ, ಬಿಗಿ ನೋಡಿ ದುಡ್ಡು ಕೊಟ್ಟೆ.

ನಮ್ಮ ದೊಡ್ಡಪ್ಪನ ಮಗನ ಟ್ರ್ಯಾಕ್ಟರ್ ಹೊಸ 55 ಎಚ್‌ಪಿ. 2023ರ ಜನವರಿಯಿಂದ 50 ಎಚ್‌ಪಿ ಮೇಲಿನವುಗಳಿಗೆ ಹೊಸ ಹೊಗೆ ನಿಯಮ ಬಂತಲ್ಲ, ಹಾಗಾಗಿ ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಕೊಡುವ ಕಾಮನ್ ರೈಲ್, ಸೆನ್ಸರ್ ಎಲ್ಲ ಇದೆ. ಎಳೆಯುವ ಶಕ್ತಿಯಲ್ಲಿ ನಮ್ಮದು ಅದರ ಹತ್ತಿರಕ್ಕೂ ಬರಲ್ಲ, ಒಪ್ಪಿದೆ. ಆದರೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಹತ್ತಿದ ದಿನ ಅವನು ಲ್ಯಾಪ್‌ಟಾಪ್ ಹುಡುಗನಿಗೆ ಕಾಯುತ್ತ ಕೂತಿದ್ದ. ಅವತ್ತು ಅವನ ಬಂಡಿ ಎಳೆದು ತಂದಿದ್ದು ಇದೇ 1035.

ಅಂದಹಾಗೆ, ಚಿಂಚೋಳಿಯ ಮಾವನ ಹಿತ್ತಲಲ್ಲಿ ಒಂದು ಎಚ್‌ಎಂಟಿ 2511 ಟ್ರ್ಯಾಕ್ಟರ್ ಜಾಲಿ ಗಿಡದೊಳಗೆ ನಿಂತಿದೆ. ಎರಡೇ ಸಿಲಿಂಡರ್, ಚೆಕ್ ಕಂಪನಿ ಜೆಟರ್ ತಳಿ. 2016ರಲ್ಲಿ ಹರಿಯಾಣದ ಪಿಂಜೋರ್‌ನ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಇನ್ನು ಬಿಡಿಭಾಗಕ್ಕೆ ಗುಜರಿಯೇ ಗತಿ. ತರುವುದಂತೂ ಖಾತ್ರಿ. ಮನೆಯಲ್ಲಿ ಇನ್ನೂ ಹೇಳಿಲ್ಲ.

ನಿನ್ನೆ ಮಧ್ಯಾಹ್ನ 2ಕ್ಕೆ, ಉತ್ತು ಬಂದ ಬಿಸಿಯಲ್ಲೇ ನೇಗಿಲು ಎತ್ತಿ, ಎಂಜಿನ್ ಆಫ್ ಮಾಡಿ, ಬೇವಿನ ಬೊಡ್ಡೆಯ ಮೇಲೆ ನೇಗಿಲ ಮಟ್ಟಕ್ಕೆ ಸುಣ್ಣದ ಗೆರೆ ಎಳೆದೆ. ರೊಟ್ಟಿ ಉಂಡು ಒಂದು ಗಂಟೆ ಬಿಟ್ಟು ಬಂದರೆ ಎರಡು ಬೆರಳು ಇಳಿದಿತ್ತು. ನನ್ನ ಮುಖ ನೋಡಿ ಕಾಕಾ ನಕ್ಕರು: "ಇಷ್ಟು ನನ್ನ ಭುಜಾನೂ ಇಳದದ. ವಯಸ್ಸಾಗ್ಯದ, ಬಿಡು."