ಸದ್ದು ಹುಡುಕೋಕೆ ಹಿಂದಿನ ಸೀಟಿನಲ್ಲಿ ಕೂತ ದಿನ

ಬೆಂಗಳೂರಿನ ಒಂದು ಶೆಡ್‌ನಲ್ಲಿ ಹಳೆ ಟಿಟಿಗಳನ್ನು, ಅಂದರೆ ಟೆಂಪೋ ಟ್ರಾವೆಲರ್‌ಗಳನ್ನು, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವಂಥ ಕ್ಯಾಂಪರ್ ವ್ಯಾನ್ ಮಾಡುವುದು ನಮ್ಮ ಕೆಲಸ. ಮರಗೆಲಸ ಒಬ್ಬರದ್ದು, ವೈರಿಂಗ್ ಇನ್ನೊಬ್ಬರದ್ದು. ನೆಲ, ಗೋಡೆ, ರೂಫಿನ ಒಳಗಿನ ಲೈನಿಂಗ್ ನನ್ನದು. ಹಾಗಾಗಿ ಗಾಡಿ ಒಳಗೆ ಸೆಕೆಯಾದರೆ, ನೀರು ಸೋರಿದರೆ, ಸದ್ದು ಬಂದರೆ ಬೈಗುಳ ನೇರವಾಗಿ ನನ್ನ ಹತ್ತಿರ ಬರುತ್ತದೆ.

ಎರಡು ವರ್ಷದ ಹಿಂದೆ ಮಂಗಳೂರು ಕಡೆಯ ಗಂಡ ಹೆಂಡತಿ ಒಂದು ಟಿಟಿ ತಂದರು. ಇಬ್ಬರೂ ರಿಟೈರ್ ಆದವರು. ಮಂಚ, ಸಿಂಕ್, ಗ್ಯಾಸ್ ಒಲೆ ಎಲ್ಲ ಮಾಡಿಸಿಕೊಂಡರು. ಕೊನೆಯಲ್ಲಿ ಅವರು ಹೇಳಿದ್ದು ಒಂದೇ ಮಾತು. "ಸದ್ದು ಸ್ವಲ್ಪ ಕಮ್ಮಿ ಮಾಡಿ ಕೊಡಿ ಮಾರಾಯ್ರೆ. ಶಿರಾಡಿ ಘಾಟಿಯ ಕಾಂಕ್ರೀಟ್ ಮೇಲೆ ಹೋಗುವಾಗ ಹಿಂದೆ ಕೂತವರಿಗೆ ನಾನು ಹೇಳಿದ್ದು ಒಂದೂ ಕೇಳುವುದಿಲ್ಲ."

ಇದೇನು ದೊಡ್ಡ ವಿಷಯ ಅಂದುಕೊಂಡೆ. ಜೆ.ಸಿ. ರೋಡ್‌ಗೆ ಹೋಗಿ ಬ್ಯೂಟೈಲ್ ಅನ್ನುವ ಮೆತ್ತನೆ ರಬ್ಬರಿನ ಶೀಟ್ ತಂದೆ. ಒಂದು ಕಡೆ ಅಂಟು, ಇನ್ನೊಂದು ಕಡೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಾಳೆ, 2 ಮಿ.ಮೀ. ದಪ್ಪ. ನೆಲ, ಗೋಡೆ, ರೂಫ್, ಬಾಗಿಲು ಒಂದಿಂಚೂ ಬಿಡದೆ ಅಂಟಿಸಿದೆ. ಅಂಟಿಸುವಾಗ ರೋಲರ್ ಒತ್ತಿ ಒತ್ತಿ ಕೈ ಬೊಬ್ಬೆ ಬಂತು. ಮುಗಿದ ಮೇಲೆ ಬೆರಳಿನಿಂದ ಬಡಿದು ನೋಡಿದೆ, ಹಲಸಿನ ಹಣ್ಣು ಬಡಿದು ನೋಡುವ ಹಾಗೆ. ಮೊದಲು ಠಣ್ ಅನ್ನುತ್ತಿದ್ದ ತಗಡು ಈಗ ಠಪ್ ಅಂತು. ನನಗೆ ಅಷ್ಟೇ ಸಾಕಾಯಿತು. ಫೋಟೋ ಬೇರೆ ತೆಗೆದುಕೊಂಡೆ.

ಹತ್ತು ದಿನ ಬಿಟ್ಟು ಅವರು ವಾಪಸ್ ಬಂದರು. ಬೈಯಲಿಲ್ಲ. ಕೀ ಕೈಗೆ ಕೊಟ್ಟು, "ಒಂದು ರೌಂಡ್ ಹೋಗಿ ಬನ್ನಿ, ಮತ್ತೆ ಮಾತಾಡುವ" ಅಂದರು.

ನಮ್ಮ ಟಿಂಕರಿಂಗ್ ಮೇಸ್ತ್ರಿ ಸ್ಟೇರಿಂಗ್ ಹಿಡಿದರು. ನಾನು ಹಿಂದೆ ಮಂಚದ ಮೇಲೆ ಕೂತೆ. ನೆಲಮಂಗಲ ದಾಟಿ ಗಾಡಿ 70ಕ್ಕೆ ಬರುವಷ್ಟರಲ್ಲಿ ನನಗೆ ಮುಖ ಎತ್ತೋಕೆ ಆಗಲಿಲ್ಲ. ಒಳಗೆ ಹಿಟ್ಟಿನ ಗಿರಣಿ ಓಡುತ್ತಿತ್ತು. ಮೇಸ್ತ್ರಿ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಆಗ ಹೊಳೆಯಿತು. ಅಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ನಾನು ಲೈನಿಂಗ್ ಮಾಡಿದ ಒಂದು ಗಾಡಿಯಲ್ಲೂ ಹಿಂದೆ ಕೂತು ಹೈವೇಯಲ್ಲಿ ಹೋಗಿರಲಿಲ್ಲ. ನಿಂತ ಗಾಡಿಯನ್ನು ಬಡಿದು ಬಡಿದು, ಓಡುವ ಗಾಡಿಯ ಸದ್ದು ನಿಲ್ಲಿಸೋಕೆ ಹೊರಟಿದ್ದೆ.

ಬ್ಯೂಟೈಲ್ ಶೀಟ್ ಕೆಟ್ಟ ಮಾಲು ಅಲ್ಲ. ಅದರ ಕೆಲಸ ಬೇರೆ. ತಗಡು ನಡುಗುವುದನ್ನು ಅದು ಹಿಡಿದು ನಿಲ್ಲಿಸುತ್ತದೆ. ಅದಕ್ಕೆ ಇಡೀ ತಗಡು ಮುಚ್ಚಬೇಕಾಗಿಲ್ಲ. ದೊಡ್ಡ ತಗಡಿನ ನಡುಭಾಗದಲ್ಲಿ ಕಾಲು ಭಾಗ, ಮೂರನೇ ಒಂದು ಭಾಗ ಅಂಟಿಸಿದರೂ ನಡುಕದ ಬಹುಪಾಲು ನಿಂತುಹೋಗುತ್ತದೆ. ನಾನು ಪೂರ್ತಿ ಹಾಕಿ ಗಾಡಿಗೆ 70 ಕೆಜಿ ಹತ್ತಿರ ಭಾರ ಏರಿಸಿದ್ದೆ. ಅಂದರೆ ಒಬ್ಬ ಆಳನ್ನು ಖಾಯಮ್ಮಾಗಿ ಹತ್ತಿಸಿ ಕೂರಿಸಿದ ಹಾಗೆ. ಗಾಳಿಯ ಮೂಲಕ ಸಂದಿಯಿಂದ ನುಗ್ಗುವ ಸದ್ದಿಗೆ ಈ ಶೀಟಿನಿಂದ ಏನೂ ಆಗುವುದಿಲ್ಲ. ಗೋಡೆಯ 100 ಭಾಗದಲ್ಲಿ 1 ಭಾಗ ತೆರೆದಿದ್ದರೂ ಸಾಕು, ಉಳಿದ 99 ಭಾಗ ಎಷ್ಟೇ ದಪ್ಪ ಇರಲಿ, ಒಟ್ಟು ಸದ್ದಿನಲ್ಲಿ 20 ಡೆಸಿಬಲ್‌ಗಿಂತ ಜಾಸ್ತಿ ತಡೆಯೋಕೆ ಆಗುವುದಿಲ್ಲ. ತೂತು ಕೊಡಕ್ಕೆ ಹೊರಗಿನಿಂದ ಬಣ್ಣ ಹೊಡೆದಿದ್ದೆ ನಾನು.

ಮೇಸ್ತ್ರಿ ಆವತ್ತು ತೋರಿಸಿಕೊಟ್ಟಿದ್ದನ್ನು ಈಗಲೂ ಹಾಗೇ ಮಾಡುತ್ತೇನೆ. ಖಾಲಿ, ಸಮತಟ್ಟಾದ ರಸ್ತೆಯಲ್ಲಿ 60ರಲ್ಲಿ ಹೋಗುವಾಗ ಒಂದೆರಡು ಸೆಕೆಂಡ್ ನ್ಯೂಟ್ರಲ್‌ಗೆ ತಂದರು. ಎಂಜಿನ್ ಆಫ್ ಮಾಡಬಾರದು, ಬ್ರೇಕು ಸ್ಟೇರಿಂಗ್ ಎರಡೂ ಗಟ್ಟಿಯಾಗುತ್ತವೆ. ನ್ಯೂಟ್ರಲ್‌ನಲ್ಲಿ ಸದ್ದು ಇಳಿದರೆ ಅದು ಎಂಜಿನ್ ಕಡೆಯದ್ದು. ಟಿಟಿಯಲ್ಲಿ ಎಂಜಿನ್‌ನ ಹಿಂಭಾಗ ಮುಂದಿನ ಎರಡು ಸೀಟಿನ ನಡುವೆ ಮುಚ್ಚಳದ ಕೆಳಗೇ ಇರುವುದರಿಂದ ಅಲ್ಲಿಂದಲೇ ಶುರು ಮಾಡಬೇಕು. ಇಳಿಯದಿದ್ದರೆ ಚಕ್ರದ ಕಡೆ ನೋಡಬೇಕು. ನಮ್ಮದು ಸ್ವಲ್ಪವೂ ಇಳಿಯಲಿಲ್ಲ. ಎಡಕ್ಕೆ ಬಲಕ್ಕೆ ತಿರುಗಿಸುವಾಗ ಸದ್ದು ಬದಲಾದರೆ ವೀಲ್ ಬೇರಿಂಗ್ ಮೇಲೆ ಅನುಮಾನ. ಅದೂ ಆಗಲಿಲ್ಲ. ಡಾಂಬರು ಹೋಗಿ ಸೇತುವೆಯ ಕಾಂಕ್ರೀಟ್ ಬಂದ ತಕ್ಷಣ ಮಾತ್ರ ಸ್ವರ ಪೂರ್ತಿ ಬದಲಾಯಿತು. "ಟೈರ್ ನೋಡಪ್ಪ ಮೊದಲು" ಅಂದರು ಮೇಸ್ತ್ರಿ.

ಗಾಡಿ ನಿಲ್ಲಿಸಿ ನೋಡಿದರೆ ಹಿಂದಿನ ಟೈರ್‌ಗಳು ರೀಸೋಲ್ ಮಾಡಿಸಿದವು, ಅಂದರೆ ಸವೆದ ಟೈರ್ ಮೇಲೆ ಹೊಸ ರಬ್ಬರ್ ಕೂರಿಸಿದವು. ಅದೂ ದಪ್ಪ ದಪ್ಪ ಕಟ್ಟೆ ಇರುವ ಲಗ್ ಪ್ಯಾಟರ್ನ್. ಕೆಸರಿಗೆ, ಲೋಡ್‌ಗೆ ಅದು ಸರಿ. ಹೈವೇಯಲ್ಲಿ ಒಂದೊಂದು ಕಟ್ಟೆ ನೆಲಕ್ಕೆ ಬಡಿದಾಗಲೂ ಒಂದು ಏಟು, ಅವೆಲ್ಲ ಸೇರಿ ಗುಂಯ್. ಮುಂದಿನ ಟೈರ್‌ಗಳಿಗೆ ಪಟ್ಟೆ ಚೆನ್ನಾಗಿಯೇ ಇತ್ತು, ಆದರೆ ಪಕ್ಕದಲ್ಲಿ ಕೊರೆದಿದ್ದ ನಾಲ್ಕು ಅಂಕಿ 1914. ಅಂದರೆ 2014ರ 19ನೇ ವಾರ. ಅಷ್ಟು ಹಳೆಯ ರಬ್ಬರ್ ಕಲ್ಲಾಗಿರುತ್ತದೆ. ಸದ್ದು ಬಿಡಿ, ಮಳೆಯಲ್ಲಿ ಹಿಡಿತವೂ ಇರುವುದಿಲ್ಲ. ಲೈನಿಂಗ್ ಮಾಡುವವನು ಟೈರ್ ಯಾಕೆ ನೋಡಬೇಕು ಅಂತ ನಾನು ಯಾವತ್ತೂ ಬಗ್ಗಿ ನೋಡಿದವನೇ ಅಲ್ಲ.

ಸದ್ದು ನುಗ್ಗುವ ಸಂದಿ ಹುಡುಕೋಕೆ ರಾತ್ರಿ ಶೆಡ್‌ನಲ್ಲಿ ಲೈಟ್ ಆರಿಸಿದೆವು. ನಾನು ಬಲ್ಬ್ ಹಿಡಿದು ಗಾಡಿಯ ಕೆಳಗೆ ಮಲಗಿದೆ. ಮೇಸ್ತ್ರಿ ಒಳಗೆ ಕೂತು ಬೆಳಕು ಎಲ್ಲಿ ಕಾಣುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಪೆಡಲ್ ಹತ್ತಿರ ವೈರ್ ಬರುವ ಜಾಗದಲ್ಲಿ ತೂತಿಗೆ ಕೂರಿಸುವ ರಬ್ಬರ್ ಬಳೆ, ಗ್ರೋಮೆಟ್, ಇರಲಿಲ್ಲ. ಅದು ಹಳೇ ಪಾಪ. ಉಳಿದವೆಲ್ಲ ನಮ್ಮವೇ! ಸಿಂಕ್ ಪೈಪ್‌ಗೆ ಕೊರೆದ ತೂತು ಪೈಪಿಗಿಂತ ದೊಡ್ಡದು. ಬ್ಯಾಟರಿ ಕೇಬಲ್ ತೂತು ಹಾಗೇ ಬಾಯಿ ಬಿಟ್ಟಿತ್ತು. ಮಂಚದ ಬೋಲ್ಟ್‌ಗೆ ತಪ್ಪಾಗಿ ಕೊರೆದು ಬಿಟ್ಟ ತೂತುಗಳು ಬೇರೆ.

ಗ್ಯಾಸ್ ಸಿಲಿಂಡರ್ ಕೆಳಗೂ ಒಂದು ತೂತು ಇತ್ತು. ಅದನ್ನೂ ಮುಚ್ಚೋಕೆ ಹೋದ ಹುಡುಗನ ಕೈ ಮೇಸ್ತ್ರಿ ಹಿಡಿದರು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ನಿಲ್ಲುತ್ತದೆ, ಹೊರಗೆ ಹೋಗೋಕೆ ಆ ದಾರಿ ಬೇಕೇ ಬೇಕು. ಹಾಗಾಗಿ ತೂತು ಬಿಟ್ಟು, ಸಿಲಿಂಡರ್ ಪೆಟ್ಟಿಗೆಯ ಒಳಬಾಗಿಲಿಗೆ ಸುತ್ತ ರಬ್ಬರ್ ಹಾಕಿದೆವು. ಸದ್ದು ಪೆಟ್ಟಿಗೆಯಲ್ಲೇ ಉಳಿಯಿತು, ಗ್ಯಾಸಿನ ದಾರಿಯೂ ಉಳಿಯಿತು. ಬಾಗಿಲುಗಳ ಕೆಳಗೆ ನೀರು ಇಳಿಯುವ ತೂತುಗಳಿಗೂ ಇದೇ ನಿಯಮ. ಅವನ್ನು ಮುಚ್ಚಿದರೆ ಎರಡು ಮಳೆಗಾಲದಲ್ಲಿ ತಗಡು ತುಕ್ಕು ತಿಂದು ಹೋಗುತ್ತದೆ.

ಬಾಗಿಲಿನ ಬೀಡಿಂಗ್, ಅಂದರೆ ಸುತ್ತಲಿನ ರಬ್ಬರ್ ಪಟ್ಟಿ, ಅದರ ಪರೀಕ್ಷೆಗೆ ಹತ್ತು ರೂಪಾಯಿ ನೋಟು ಸಾಕು. ನೋಟು ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಹಿಂಬಾಗಿಲಿನಲ್ಲಿ ನೋಟು ತಾನಾಗಿ ಜಾರಿ ಬಿತ್ತು. ಬೀಡಿಂಗ್ ಬದಲಿಸಿ, ಬಾಗಿಲಿನ ಲಾಕ್ ಎರಡು ಮಿ.ಮೀ. ಒಳಗೆ ಸರಿಸಿದೆವು.

ಹಿಂದಿನ ಮಡ್‌ಗಾರ್ಡ್ ಮೇಲೆ ನಾನು ಅಂಟಿಸಿದ್ದು ಒಂದೇ ಪದರ. ಅಷ್ಟು ಸಾಲದ ಜಾಗ ಅದೊಂದೇ. ಕಲ್ಲು, ನೀರು, ಟೈರಿನ ಗುಂಯ್ ಎಲ್ಲ ನೇರ ಬಡಿಯುವುದು ಅಲ್ಲಿಗೆ, ಅದರ ಮೇಲೇ ಮಂಚ. ಅಲ್ಲಿ ಬ್ಯೂಟೈಲ್ ಮೇಲೆ ನೀರು ಹೀರದ ಫೋಮ್, ಅದರ ಮೇಲೆ ಚದರ ಮೀಟರ್‌ಗೆ 5 ಕೆಜಿ ತೂಗುವ ವಿನೈಲ್ ಹೊದಿಸಿದೆ. ಭಾರದ ವಿನೈಲ್ ತಗಡಿಗೆ ನೇರ ತಾಗಬಾರದು, ನಡುವೆ ಫೋಮ್ ಇರಬೇಕು. ತಾಗಿದರೆ ತಗಡಿನ ನಡುಕ ಅದಕ್ಕೂ ಹತ್ತಿಕೊಳ್ಳುತ್ತದೆ. ಕಡಿಮೆ ಬೆಲೆಗೆ ಸಿಗುವ ಡಾಂಬರು ಶೀಟ್ ಬಗ್ಗೆ ಕೇಳುವವರಿಗೆ ಒಂದು ಮಾತು. ನಾನು ಶುರುವಿನಲ್ಲಿ ಒಂದು ಗಾಡಿಯ ರೂಫಿಗೆ ಹಾಕಿದ್ದೆ. ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗಿ, ವಾಸನೆ ಬಿಟ್ಟು, ಲೈನಿಂಗ್ ಸಮೇತ ಕೆಳಗೆ ಇಳಿದಿತ್ತು.

ಮೊದಲು ಅಂಟಿಸಿದ ಬ್ಯೂಟೈಲ್ ಕೀಳೋಕೆ ಹೋಗಲಿಲ್ಲ. ಅದು ತಗಡು ಬಿಟ್ಟರೂ ಕೈ ಬಿಡುವುದಿಲ್ಲ. ರೂಫಿನ ಮೇಲೆ ಮಳೆ ಬಿದ್ದಾಗ ಉಪಯೋಗಕ್ಕೆ ಬಂತು, ಅಷ್ಟು ಸಮಾಧಾನ. ಎರಡನೇ ಸಲದ ಕೂಲಿ ನಾವು ತೆಗೆದುಕೊಳ್ಳಲಿಲ್ಲ, ಟೈರ್ ಅವರೇ ಹಾಕಿಸಿದರು.

ನನ್ನ ಫೋನಿನ ಆ್ಯಪ್‌ನಲ್ಲಿ, ಅದೇ ರಸ್ತೆ, ಅದೇ 70ರ ವೇಗ, ಅದೇ ಮಂಚದ ಜಾಗದಲ್ಲಿ, ಮೊದಲು 79 ಡೆಸಿಬಲ್ ಇದ್ದದ್ದು ಕೊನೆಗೆ 71ಕ್ಕೆ ಬಂತು. ಫೋನಿನ ಅಂಕಿ ಪಕ್ಕಾ ಅಲ್ಲ, ಆದರೆ ಅದೇ ಫೋನ್ ಇಟ್ಟರೆ ವ್ಯತ್ಯಾಸ ನಂಬಬಹುದು. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧ ಆದ ಹಾಗೆ ಅನ್ನಿಸುತ್ತದೆ. ನಮಗೆ ಇಳಿದ 8ರಲ್ಲಿ ಅರ್ಧಕ್ಕಿಂತ ಜಾಸ್ತಿ ಟೈರ್ ಬದಲಿಸಿದ ದಿನವೇ ಇಳಿದಿತ್ತು.

ಈಗ ಎಸ್ಟಿಮೇಟ್ ಬರೆಯುವ ಮೊದಲು ಒಂದು ಗಂಟೆ ಹಿಂದೆ ಕೂತು ಹೋಗಿ ಬರುತ್ತೇನೆ. ಕೆಲವು ಗಿರಾಕಿಗಳಿಗೆ ಇದು ಹಿಡಿಸುವುದಿಲ್ಲ. ಅವರು ವೀಡಿಯೊ ನೋಡಿ ಬಂದಿರುತ್ತಾರೆ, ಗಾಡಿ ಒಳಗೆಲ್ಲ ಬೆಳ್ಳಿ ಮಿಂಚಬೇಕು. "ಟೈರ್ ಬದಲಿಸಿ ಸಾರ್, ಆಮೇಲೆ ಬನ್ನಿ" ಅಂದರೆ ಕೆಲಸ ಬರದವನು ಅಂದುಕೊಂಡು ಬೇರೆ ಶೆಡ್‌ಗೆ ಹೋಗುತ್ತಾರೆ. ತಿಂಗಳಿಗೆ ಒಬ್ಬರಾದರೂ ಹೀಗೆ ಕೈ ತಪ್ಪುತ್ತಾರೆ.

ಮಂಗಳೂರಿನವರು ಗಾಡಿ ತೆಗೆದುಕೊಂಡು ಹೋದ ವಾರ ಶಿರಾಡಿ ಇಳಿದು ಗುಂಡ್ಯದಿಂದ ಫೋನ್ ಮಾಡಿದರು. ಮಾತು ಚೆನ್ನಾಗಿ ಕೇಳುತ್ತದಂತೆ. ಖುಷಿಯಾಗಿ ಫೋನ್ ಇಡುವಷ್ಟರಲ್ಲಿ ಹಿಂದಿನಿಂದ ಅವರ ಹೆಂಡತಿಯ ದನಿ. "ಒಳಗೆ ಎಂತದೋ ಕಟಕಟ ಅಂತದೆ, ಅದು ಕೇಳಿ." ದೊಡ್ಡ ಸದ್ದು ಹೋದ ಮೇಲೆ ಅದರಡಿಯಲ್ಲಿ ಅಡಗಿದ್ದ ಚಿಕ್ಕವು ಹೊರಬರುತ್ತವೆ ಅಂತ ನಾನು ವಿವರಿಸೋಕೆ ಶುರು ಮಾಡಿದೆ. ಪಕ್ಕದಲ್ಲಿದ್ದ ಮೇಸ್ತ್ರಿ ಫೋನ್ ಕಿತ್ತುಕೊಂಡು, "ಅಮ್ಮಾ, ಇಡ್ಲಿ ಪಾತ್ರೆಯ ತಟ್ಟೆಗಳ ಮಧ್ಯೆ ಒಂದೊಂದು ಬಟ್ಟೆ ಇಡಿ" ಅಂದರು.